ಗೋಡೆಯ ಹಿರಿಯನಿಗೆ ಅರಿಶಿನ

ಅಂಗಡಿ ಆಂಟಿಯ ಬಲಗೈ ಹೆಬ್ಬೆರಳು ಸದಾ ನೀಲಿಯಾಗಿರುತ್ತಿತ್ತು. ಅಂಗಡಿಯ ಬಾಗಿಲ ಮುಂದೆ ಒಂದು ಕರಿಹಲಗೆ ಇಟ್ಟು, ಅವತ್ತು ಬಂದ ತರಕಾರಿಯ ಹೆಸರನ್ನು ನೀಲಿ ಸೀಮೆಸುಣ್ಣದಲ್ಲಿ ಬರೆಯುವುದು ಅವರ ದಿನದ ಮೊದಲ ಕೆಲಸ. ತಪ್ಪಾದರೆ ಬಟ್ಟೆ ಹುಡುಕುವಷ್ಟು ತಾಳ್ಮೆ ಇರಲಿಲ್ಲ, ಹೆಬ್ಬೆರಳಿನಿಂದಲೇ ತಿಕ್ಕಿಬಿಡುತ್ತಿದ್ದರು. ಅದೇ ಬೆರಳಿನಿಂದ ಬೆಂಡೆಕಾಯಿಯ ತುದಿ ಮುರಿದು ಎಳೆಯದೆಂದು ತೋರಿಸುತ್ತಿದ್ದರು. ಹೀಗಾಗಿ ನಮ್ಮ ಮನೆಯ ಬೆಂಡೆಕಾಯಿಗೂ ಒಮ್ಮೊಮ್ಮೆ ನೀಲಿ ಹತ್ತಿರುತ್ತಿತ್ತು, ತೊಳೆದು ಹೆಚ್ಚುತ್ತಿದ್ದೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾವು ಆಸ್ಟಿನ್ನಿನ ಉತ್ತರಕ್ಕೆ ಫ್ಲೂಗರ್‌ವಿಲ್‌ನಲ್ಲಿದ್ದೆವು. ಮೈಸೂರಿನ ಕಾಲೇಜಿನಲ್ಲಿ ಪಾಠ ಹೇಳಿಕೊಂಡಿದ್ದ ನಾನು ಗಂಡನ ವೀಸಾಕ್ಕೆ ಬಾಲಂಗೋಚಿಯಾಗಿ ಬಂದಿದ್ದೆ. ಆ ವೀಸಾದಲ್ಲಿ ನಾನು ಕೆಲಸ ಮಾಡುವಂತಿರಲಿಲ್ಲ. ಶನಿವಾರದ ಊಟಗಳಲ್ಲಿ ಯಾರಾದರೂ ‘ನೀವೇನು ಮಾಡ್ತಿದ್ದೀರಿ?’ ಎಂದು ಕೇಳಿದರೆ ಪಾಯಸದ ಬಟ್ಟಲು ನೋಡುತ್ತಾ ನಿಲ್ಲುತ್ತಿದ್ದೆ. ಹೊಸದಾಗಿ ಕಾರು ಓಡಿಸಲು ಕಲಿತಾಗ ಒಬ್ಬಳೇ ಹೋದ ಮೊದಲ ಜಾಗ ಆಂಟಿಯ ಅಂಗಡಿ.

ಬೇರೆ ಇಂಡಿಯನ್ ಅಂಗಡಿಗಳೆಲ್ಲ ದೊಡ್ಡ ರಸ್ತೆಯ ಪಕ್ಕ, ಪಾರ್ಕಿಂಗ್ ಜಾಗದ ಹಿಂದೆ, ಬಟ್ಟೆ ಒಗೆಯುವ ಅಂಗಡಿಯ ಮಗ್ಗುಲಲ್ಲಿ ಇರುತ್ತಿದ್ದವು. ಆಂಟಿ ಮಾತ್ರ ನಮ್ಮಲ್ಲಿಂದ ಇಪ್ಪತ್ತು ನಿಮಿಷ ದೂರದ ಒಂದು ಹಳೆಯ ಊರಿನಲ್ಲಿ, ರೈಲು ಹಳಿಯ ಎದುರಿನ ಇಟ್ಟಿಗೆ ಕಟ್ಟಡಗಳ ಬೀದಿಯಲ್ಲಿ ಅಂಗಡಿ ಹಿಡಿದಿದ್ದರು. ಜನ ನಡೆದಾಡದ ಕಡೆ ಅಂಗಡಿ ಇಡುವುದು ಗೋದಾಮು ಇಟ್ಟ ಹಾಗೆ ಎಂಬುದು ಅವರ ವಾದ. ಅವರದು ಹುಬ್ಬಳ್ಳಿ. ತಂದೆಗೆ ಬಟ್ಟೆ ಅಂಗಡಿಯಿತ್ತು. ಬಿಳಿ ಗಾದಿಯ ಮೇಲೆ ಕೂತು ಇಡೀ ಬೀರು ಖಾಲಿಯಾಗುವ ತನಕ ಸೀರೆ ಬಿಚ್ಚಿ ಹಾಸುತ್ತಿದ್ದ ತಂದೆಯನ್ನು ಅವರು ಬಾಗಿಲಲ್ಲಿ ನಿಂತು ನೋಡಿ ಬೆಳೆದವರು. ನಿಂತು ನೋಡಿದ್ದಷ್ಟೇ. ಗಾದಿ ಅಣ್ಣಂದಿರಿಗೆ ಹೋಯಿತು, ಇವರು ಮದುವೆಯಾಗಿ ಟೆಕ್ಸಸ್ಸಿಗೆ ಬಂದರು. ಮಗಳು ಓದಿ ಕೆಲಸಕ್ಕೆ ಸೇರಿದ ಮೇಲೆ, ಅಂಕಲ್ ‘ಈ ವಯಸ್ಸಿನಲ್ಲಿ ಯಾಕೆ’ ಎಂದು ಗೊಣಗುತ್ತಿದ್ದರೂ ಕೇಳದೆ ಅಂಗಡಿ ತೆರೆದರು. ಐವತ್ತು ದಾಟಿದ ಮೇಲೆ ಸಿಕ್ಕಿದ ಗಾದಿ ಅದು, ಪ್ಲಾಸ್ಟಿಕ್ ಕುರ್ಚಿಯ ರೂಪದಲ್ಲಿ.

ಆ ಅಂಗಡಿಯ ವಿಶೇಷವೆಂದರೆ ಎಡಗಡೆಯ ಗೋಡೆ. ಬೇಳೆಕಾಳಿನ ಶೆಲ್ಫ್ ಕೂರಿಸಲು ಹಳೆಯ ಮರದ ಹಲಗೆಗಳನ್ನು ಕಿತ್ತಾಗ ಹಿಂದಿನ ಇಟ್ಟಿಗೆಯ ಮೇಲೆ ಗೇಣೆತ್ತರದ ಬಿಳಿ ಅಕ್ಷರಗಳು ಕಂಡವಂತೆ. ನೂರು ವರ್ಷದ ಹಿಂದೆ ಪಕ್ಕದ ಕಟ್ಟಡ ಒಂಟಿಯಾಗಿತ್ತು. ಅದರ ವ್ಯಾಪಾರಿ ಹೊರಗೋಡೆಯ ಮೇಲೆ ತನ್ನ ಅಂಗಡಿಯ ಜಾಹೀರಾತು ಬರೆಸಿದ್ದ. ಮುಂದೆ ಆ ಗೋಡೆಗೆ ಒತ್ತಿಕೊಂಡೇ ಈ ಕಟ್ಟಡ ಎದ್ದಿತು, ಜಾಹೀರಾತು ಒಳಗೆ ಸಿಕ್ಕಿಕೊಂಡಿತು. ಮೇಲ್ಗಡೆ ವ್ಯಾಪಾರಿಯ ಹೆಸರು. ಅದರ ಕೆಳಗೆ ಬಟ್ಟೆ, ಬೂಟು, ಟೋಪಿ, ಹಿಟ್ಟು, ಕಾಫಿ, ನೇಗಿಲು, ಮಕ್ಕಳಿಗೆ ಮಿಠಾಯಿ, ಕೊನೆಗೆ ಶವಪೆಟ್ಟಿಗೆ. ಎಲ್ಲಕ್ಕಿಂತ ಕೆಳಗೆ ಒಂದು ಸಾಲು: ಒಳಗೆ ಬಂದು ನೋಡಿ, ತೋರಿಸಲು ನಮಗೆ ಬೇಸರವಿಲ್ಲ.

ಕಟ್ಟಡದ ಮಾಲೀಕ ಅದೇ ಊರಿನ ಒಬ್ಬ ಮುದುಕ. ಎತ್ತರದ ಆಳು, ಮಾತು ಕಡಿಮೆ, ಟೋಪಿ ತೆಗೆಯುವುದು ಚರ್ಚಿನಲ್ಲಿ ಮಾತ್ರ ಎನ್ನುವಂಥವನು. ಅವನು ಆ ಗೋಡೆ ನೋಡಿ ಟೋಪಿ ತೆಗೆದನಂತೆ. ಅವತ್ತೇ ಷರತ್ತು ಹಾಕಿದ: ಈ ಗೋಡೆಗೆ ಮೊಳೆ ಹೊಡೆಯಬಾರದು, ಶೆಲ್ಫ್ ಇಡಬಾರದು, ಯಾರೂ ಮುಟ್ಟಬಾರದು. ಅಂಗಡಿಯ ಅತಿ ಉದ್ದದ ಗೋಡೆ ಹೀಗೆ ಸತ್ತವನ ಪಾಲಾಯಿತು. ಆಂಟಿ ಅಕ್ಕಿ ಮೂಟೆಗಳನ್ನು ನಡುವೆ ಪೇರಿಸಿ, ಗಿರಾಕಿಗಳು ಅಡ್ಡಡ್ಡ ನಡೆಯುವಂತೆ ಮಾಡಿ ಸುಮ್ಮನಾದರು. ಬೇಸರವಿರಲಿಲ್ಲ, ಬದಲಿಗೆ ಆ ಕೊನೆಯ ಸಾಲು ಅವರಿಗೆ ಬಹಳ ಹಿಡಿಸಿಬಿಟ್ಟಿತ್ತು.

“ನಮ್ಮಪ್ಪನೂ ಥೇಟ್ ಹಿಂಗ ಅಂತಿದ್ದಾ ನೋಡು ತಂಗಿ. ತೋರಸಲಿಕ್ಕೆ ಬ್ಯಾಸರಾ ಮಾಡ್ಕೊಳ್ಳಾಂವಾ ಗಾದಿ ಮ್ಯಾಲೆ ಕೂಡಬಾರ್ದು” ಎಂದು ಅವರು ನನಗೆ ಎಷ್ಟು ಸಲ ಹೇಳಿದ್ದರೋ.

ಮಾಲೀಕ ಬಂದಾಗಲೆಲ್ಲ ಅವನನ್ನು ಕೆದಕಿ ಹಳೆಯ ಕಾಲದ ಸುದ್ದಿ ಕೇಳುತ್ತಿದ್ದರು. ಅವನು ತನ್ನ ಅಜ್ಜನಿಂದ ಕೇಳಿದ್ದನ್ನು ಹೇಳುತ್ತಿದ್ದ. ಶನಿವಾರ ಹತ್ತಿ ಹೇರಿಕೊಂಡು ಗಾಡಿಗಳು ಬರುತ್ತಿದ್ದವು, ಹೆಂಗಸರು ಇಡೀ ಮಧ್ಯಾಹ್ನ ಬಟ್ಟೆ ಬಿಚ್ಚಿಸಿ ನೋಡುತ್ತಿದ್ದರು, ಮಕ್ಕಳಿಗೆ ವ್ಯಾಪಾರಿ ಮಿಠಾಯಿ ಕೊಟ್ಟು ಸುಮ್ಮನಿರಿಸುತ್ತಿದ್ದ. ಇದು ನಮ್ಮ ಹುಬ್ಬಳ್ಳಿ ಸಂತೆಯೇ ಎಂದು ಆಂಟಿ ತೀರ್ಮಾನಿಸಿದರು. ಅಂದಿನಿಂದ ಶನಿವಾರ ಅಂಗಡಿಗೆ ಬರುವ ಮಕ್ಕಳಿಗೆ ಶೇಂಗಾ ಚಿಕ್ಕಿಯ ತುಂಡು ಬಿಟ್ಟಿ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಆ ಮಕ್ಕಳು ಚಿಕ್ಕಿ ಎಂಬ ಒಂದು ಶಬ್ದವನ್ನು ಮಾತ್ರ ಸ್ಪಷ್ಟವಾಗಿ ಕಲಿತವು. ಪಟ್ಟಿಯ ಕೊನೆಯಲ್ಲಿದ್ದ ಶವಪೆಟ್ಟಿಗೆಯ ಬಗ್ಗೆ ನಾನು ರೇಗಿಸಿದರೆ, ಗಿರಾಕಿಗೆ ಇಲ್ಲ ಎನ್ನಬಾರದು, ಯಾರಾದರೂ ಕೇಳಿದರೆ ತರಿಸಿ ಕೊಡುತ್ತೇನೆ ಎಂದು ನಗುತ್ತಿದ್ದರು.

ಕನ್ನಡ ಸಂಘದ ಪತ್ರಿಕೆಗೆ ಅಂಗಡಿಯ ಜಾಹೀರಾತು ಬರೆದುಕೊಡಲು ನನಗೇ ಹೇಳಿದರು. ಅದರ ಜಾಹೀರಾತಿನ ಪುಟದಲ್ಲಿ ಟೈ ಕಟ್ಟಿಕೊಂಡು ನಗುವ ಮನೆ ಮಾರುವವರು, ಹಲ್ಲಿನ ಡಾಕ್ಟರುಗಳು. ನಾನೂ ‘ಉತ್ತಮ ಗುಣಮಟ್ಟ, ಯೋಗ್ಯ ಬೆಲೆ’ ಎಂದೆಲ್ಲ ಬರೆದೆ. ಆಂಟಿ ಓದಿ, ಹೆಬ್ಬೆರಳಿನಿಂದ ಗೋಡೆಯ ಕಡೆ ತೋರಿಸಿದರು. ಹರಿದು ಹಾಕಿ ಮತ್ತೆ ಬರೆದೆ: ಅಕ್ಕಿ, ಬೇಳೆ, ಬ್ಯಾಡಗಿ ಮೆಣಸಿನಕಾಯಿ, ಕಂಚಿನ ಗಂಟೆ, ಮಕ್ಕಳಿಗೆ ಚಿಕ್ಕಿ. ಒಳಗೆ ಬಂದು ನೋಡಿ. ಕೊಳ್ಳದಿದ್ದರೆ ಚಹಾ ಕುಡಿದು ಹೋಗಿ. ಮುಂದಿನ ಶನಿವಾರ ರೌಂಡ್ ರಾಕ್ ಊರಿನಿಂದಲೂ ಜನ ಬಂದರು. ಅರ್ಧ ಜನ ಚಹಾ ಕುಡಿದು ಹೋದರು ಎಂಬುದು ಬೇರೆ ಮಾತು.

ಇದಕ್ಕೂ ಮೊದಲೇ ಅವರು ನನ್ನನ್ನು ಇನ್ನೊಂದು ಕೆಲಸಕ್ಕೆ ನೇಮಿಸಿಕೊಂಡಿದ್ದರು. ಒಮ್ಮೆ ನಾನು ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ಒಂದು ಕಟ್ಟು ಕೊತ್ತಂಬರಿ ಕೊಂಡಿದ್ದೆ. ಅವತ್ತು ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ವ್ಯಾಪಾರವಾಯಿತಂತೆ. ಮರುದಿನ ಫೋನು ಬಂತು.

“ತಂಗಿ, ನಿನ್ನ ಕೈಗುಣ ಛಲೋ ಅದ. ದಿನಾ ಬಂದು ನೀನಽ ಬೋಣಿ ಮಾಡು” ಎಂದರು.

ದಿನದ ಮೊದಲ ವ್ಯಾಪಾರ ಬೋಣಿ. ಮೊದಲ ಗಿರಾಕಿ ಬರಿಗೈಯಲ್ಲಿ ಹೋಗಬಾರದು ಎಂಬುದು ಅವರ ತಂದೆಯ ಗಾದಿಯ ಕಟ್ಟಳೆ. ದೇಶವೆಲ್ಲ ನನ್ನ ಕೈಗೆ ಕೆಲಸವಿಲ್ಲ ಎನ್ನುತ್ತಿದ್ದಾಗ ಒಬ್ಬರು ಆ ಕೈಯಿಂದ ತಮ್ಮ ದಿನ ಶುರುವಾಗಬೇಕು ಎಂದರು. ಬೆಳಿಗ್ಗೆ ಎದ್ದು ತಲೆ ಬಾಚಿಕೊಳ್ಳಲು ನನಗೊಂದು ಕಾರಣ ಸಿಕ್ಕಿತು. ಒಂದು ನಿಂಬೆಹಣ್ಣೋ ಸಾಸಿವೆಯ ಪೊಟ್ಟಣವೋ ಕೊಂಡು, ಚಹಾ ಕುಡಿದು, ಹಲಗೆ ಬರೆಯುವುದನ್ನು ನೋಡಿ ಬರುತ್ತಿದ್ದೆ. ನಮ್ಮ ಮನೆಯಲ್ಲಿ ಸಾಸಿವೆ ಇಂದಿಗೂ ಹೆಚ್ಚಾಗಿಯೇ ಇರುತ್ತದೆ.

ಎಲ್ಲ ಸರಿಯಿದ್ದಾಗಲೇ ಎಡವಟ್ಟಾಯಿತು. ಆ ವರ್ಷದ ದೀಪಾವಳಿ ಅಮಾವಾಸ್ಯೆಗೆ ಆಂಟಿ ಅಂಗಡಿ ಪೂಜೆ ಇಟ್ಟುಕೊಂಡಿದ್ದರು. ಹುಬ್ಬಳ್ಳಿಯ ಕ್ರಮದಂತೆ ತಕ್ಕಡಿಗೆ, ಗಲ್ಲಾಪೆಟ್ಟಿಗೆಗೆ, ಬಾಗಿಲಿಗೆ ಅರಿಶಿನ ಕುಂಕುಮ ಹಚ್ಚಿದರು. ಹಚ್ಚುತ್ತಾ ಹಚ್ಚುತ್ತಾ ಎಡಗೋಡೆಯ ಮುಂದೆ ಬಂದರು. ಕಲಸಿದ ಅರಿಶಿನದಲ್ಲಿ ಹೆಬ್ಬೆರಳು ಅದ್ದಿ, ವ್ಯಾಪಾರಿಯ ಹೆಸರು ಕೈಗೆಟುಕದಿದ್ದರಿಂದ, ‘ಒಳಗೆ ಬಂದು ನೋಡಿ’ ಎಂಬ ಸಾಲಿನ ಮೊದಲ ಅಕ್ಷರಕ್ಕೆ ದೊಡ್ಡದಾಗಿ ಎಳೆದು, ಮೇಲೆ ಕುಂಕುಮವಿಟ್ಟು ಕೈಮುಗಿದರು. ಅಲ್ಲಿದ್ದ ನಮಗಾರಿಗೂ ಅದು ತಪ್ಪೆಂದು ಹೊಳೆಯಲಿಲ್ಲ. ಪೂಜೆಯಲ್ಲಿ ಅರಿಶಿನ ಹಚ್ಚಿದರೆ ಮುಟ್ಟಿದ ಹಾಗೆ ಎಂದು ನಮ್ಮಲ್ಲಿ ಯಾರು ತಿಳಿಯುತ್ತಾರೆ?

ಕುಂಕುಮ ಉದುರಿಹೋಯಿತು. ಅರಿಶಿನ ಇಟ್ಟಿಗೆಯೊಳಕ್ಕೆ ಇಳಿಯಿತು. ಆ ವಾರ ಮಾಲೀಕ ಬಂದವನು ಗೋಡೆ ನೋಡಿದ, ಮುಖ ಕೆಂಪಾಯಿತು. ದನಿ ಏರಿಸಲಿಲ್ಲ. ಹೊಸ ವರ್ಷಕ್ಕೆ ಬಾಡಿಗೆಯ ಕರಾರು ಮುಗಿಯುತ್ತದೆ, ಮುಂದುವರಿಸುವುದಿಲ್ಲ ಎಂದಷ್ಟೇ ಹೇಳಿ ಹೋದ. ಆಂಟಿ ಅಂದು ಹಲಗೆಯ ಮೇಲೆ ಬರೆದಿದ್ದನ್ನು ತಾವೇ ಒರೆಸಿ, ಸಂಜೆಗೆ ಮುಂಚೆಯೇ ಬಾಗಿಲು ಮುಂದೆ ಮಾಡಿದರು. ಅವರು ಅತ್ತಿದ್ದನ್ನು ನಾನು ನೋಡಿಲ್ಲ. ಆದರೆ ಮರುದಿನ ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಿದ್ದರು, ನಾನು ಹೇಳದೆ ಕುಡಿದೆ. ಅಷ್ಟು ವರ್ಷ ಕಾದು ಸಿಕ್ಕ ಗಾದಿ ಹೋಗುವುದರಲ್ಲಿತ್ತು.

ಒಂದು ಬೆಳಿಗ್ಗೆ ರೈಲು ಅಡ್ಡ ಬಂದು ನನಗೆ ತಡವಾಯಿತು. ಹೋಗಿ ನೋಡಿದರೆ ಮಾಲೀಕ ನನಗಿಂತ ಮೊದಲೇ ಬಂದಿದ್ದಾನೆ. ಜೊತೆಗೆ ಹಳೆಯ ಬಣ್ಣಗಳ ವಿಷಯ ತಿಳಿದ ಒಬ್ಬ ತಜ್ಞ. ಮಾಲೀಕ ಏನೋ ಹೇಳಲು ಬಾಯಿ ತೆರೆದರೆ ಆಂಟಿ ಕೈ ಅಡ್ಡ ಹಿಡಿಯುತ್ತಿದ್ದರು. ಮೊದಲು ಏನಾದರೂ ಕೊಳ್ಳಬೇಕು, ಮಾತು ಆಮೇಲೆ. ತಮ್ಮನ್ನು ಎಬ್ಬಿಸಲು ಬಂದವನೇ ಆದರೂ ಅವನು ಅವತ್ತಿನ ಬೋಣಿ, ಬರಿಗೈಯಲ್ಲಿ ಕಳಿಸುವಂತಿರಲಿಲ್ಲ. ಮುದುಕ ಪಾಪ ತಬ್ಬಿಬ್ಬಾಗಿ ಕೈಗೆ ಸಿಕ್ಕ ಶೇಂಗಾ ಚಿಕ್ಕಿಯ ಪ್ಯಾಕೆಟ್ಟಿಗೆ ಹಣ ಕೊಟ್ಟ. ತಜ್ಞ ಗೋಡೆಯನ್ನು ಹತ್ತಿರದಿಂದ ನೋಡಿ, ಹಳದಿ ತೆಗೆಯಲು ಹೋದರೆ ಅಡಿಯ ಹಳೆಯ ಬಿಳಿಯೂ ಎದ್ದುಬರುತ್ತದೆ, ಹಾಗೇ ಬಿಡುವುದು ಮೇಲು ಎಂದ. ಆಗ ಮಾಲೀಕ ಮೊದಲ ಸಲ ಕೇಳಿದ, ಯಾಕೆ ಹೀಗೆ ಮಾಡಿದಿರಿ ಎಂದು.

ಆಂಟಿಯ ಇಂಗ್ಲಿಷ್ ವ್ಯಾಪಾರಕ್ಕೆ ಸಾಕಾಗುತ್ತಿತ್ತು, ಇದಕ್ಕೆ ಸಾಲಲಿಲ್ಲ. ನನ್ನ ಕಡೆ ತಿರುಗಿದರು.

“ಅವಗ ಹೇಳು ತಂಗಿ. ಹಬ್ಬದ ದಿನಾ ತಕ್ಕಡಿಗೆ ಹಚ್ಚೀನಿ, ಗಲ್ಲಾಕ್ಕ ಹಚ್ಚೀನಿ. ಈ ಅಂಗಡಿಗೆ ಹಿರಿಯಾ ಅಂದ್ರ ಗ್ವಾಡಿ ಮ್ಯಾಲಿನಾಂವಾ. ನನಗಿಂತ ಮೊದಲ ಇಲ್ಲೆ ಬಾಜೂಕ ಕೂತು ‘ಬರ್ರಿ, ನೋಡ್ರಿ’ ಅಂದಾಂವಾ. ಎಲ್ಲಾದಕ್ಕೂ ಹಚ್ಚಿ ಹಿರಿಯಾಗ ಬಿಟ್ರ ಅದು ಪೂಜಾ ಹೆಂಗ ಆಗ್ತದ?”

ನನಗೆ ತಿಳಿದಷ್ಟು ಇಂಗ್ಲಿಷಿಗೆ ತಂದು ಹೇಳಿದೆ. ಮುದುಕ ಗೋಡೆಯ ಮುಂದೆ ಹೋಗಿ ನಿಂತ. ಪ್ಯಾಕೆಟ್ ಬಿಚ್ಚಿ ಒಂದು ಚಿಕ್ಕಿ ಬಾಯಿಗೆ ಹಾಕಿಕೊಂಡ. ಇನ್ನು ಮುಂದೆ ಹೂವಾದರೆ ಗೋಡೆಗೆ ತಾಗದ ಹಾಗೆ ಮುಂದೆ ಇಡಬಹುದು ಎಂದು ಹೇಳಿ ಹೊರಟ. ಹತ್ತು ದಿನ ಬಿಟ್ಟು ಹೊಸ ಕರಾರಿನೊಂದಿಗೆ ಬಂದ. ಬಂದವನು ಮೊದಲು ಕೇಳಿದ್ದು ಚಿಕ್ಕಿ. ಆಮೇಲೆ ವಾರಕ್ಕೊಮ್ಮೆ ಬೋಣಿ ಅವನದು ಎಂದಾಯಿತು, ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಮುಂದೆ ಗ್ರೀನ್ ಕಾರ್ಡ್ ಬಂದು ನಾನು ಕೆಲಸಕ್ಕೆ ಹೊರಟಾಗ, ಒಂದು ಸಣ್ಣ ಸ್ಥಳೀಯ ಪತ್ರಿಕೆಯಲ್ಲಿ ಅಂಗಡಿಗಳಿಗೆ ಜಾಹೀರಾತು ಬರೆಯುವ ಕೆಲಸ ಸಿಕ್ಕಿತು. ಮಾದರಿ ಕೇಳಿದಾಗ ಆಂಟಿಗೆ ಬರೆದುಕೊಟ್ಟಿದ್ದನ್ನೇ ಇಂಗ್ಲಿಷಿಗೆ ತಂದು ತೋರಿಸಿದ್ದೆ. ಬೆಳಗಿನ ಬೋಣಿ ಶನಿವಾರಕ್ಕೆ ಇಳಿಯಿತು. ಅಷ್ಟರಲ್ಲಿ ನಮ್ಮ ಕಡೆ ದೊಡ್ಡ ದೊಡ್ಡ ಇಂಡಿಯನ್ ಅಂಗಡಿಗಳು ಬಂದವು, ಜನ ಅಡ್ಡಡ್ಡ ನಡೆಯುವುದನ್ನು ಬಿಟ್ಟರು. ಆಂಟಿ ಸೋತದ್ದು ಅದಕ್ಕಲ್ಲ. ಕಾಯಿಲೆ ಬಂತು. ಹ್ಯೂಸ್ಟನ್ನಿನಲ್ಲಿ ಚಿಕಿತ್ಸೆ ಎಂದು ಅಂಕಲ್ ಜೊತೆ ಅದರ ಪಕ್ಕದ ಕೇಟಿ ಊರಿನಲ್ಲಿದ್ದ ಮಗಳ ಮನೆಗೆ ಶಿಫ್ಟ್ ಆದರು. ಅಂಗಡಿಯ ಕೊನೆಯ ದಿನ ಹಲಗೆಯ ಮೇಲೆ ಮುಚ್ಚುತ್ತೇವೆ ಎಂದು ಬರೆಯಲು ಒಪ್ಪಲಿಲ್ಲ. ಎಂದಿನಂತೆ ತರಕಾರಿಯ ಹೆಸರು ಬರೆದರು.

ಕೇಟಿಗೆ ಹೋಗಿ ನೋಡಿದಾಗ ಹಾಸಿಗೆಯಲ್ಲಿ ಅರ್ಧವಾಗಿದ್ದರು. ಹೆಬ್ಬೆರಳು ಬಿಳಿಚಿಕೊಂಡು, ಬೇರೆ ಯಾರದೋ ಎನ್ನುವಂತಿತ್ತು. ನಾನು ಅದನ್ನೇ ನೋಡುತ್ತಿದ್ದುದು ಅವರಿಗೆ ತಿಳಿಯಿತು. ಗೋಡೆಯ ಸುದ್ದಿ ಎತ್ತಿದರು.

“ಅವನ ಸಾಮಾನಿನೊಳಗ ಕಡೀದೊಂದು ನಾ ಮಾರಲಿಲ್ಲ. ಈಗ ತರಸೂ ವ್ಯಾಳ್ಯಾ ಬಂತು ನೋಡು” ಎಂದು ನಕ್ಕರು.

ನನಗೆ ನಗಲಾಗಲಿಲ್ಲ. ಅವರ ಕೈ ಹಿಡಿದು ಕೂತಿದ್ದೆ. ಆ ತಿಂಗಳೇ ಹೋದರು.

ಆ ಅಂಗಡಿ ಈಗ ಕಾಫಿಯಂಗಡಿ. ಮುದುಕನೂ ಇಲ್ಲ, ಕಟ್ಟಡ ಮಾರಾಟವಾಗಿದೆ. ಬಹಳ ದಿನ ಆ ಕಡೆ ಹೋಗುವ ಮನಸ್ಸಾಗಿರಲಿಲ್ಲ. ಕೊನೆಗೊಂದು ದಿನ ಬೆಳಿಗ್ಗೆ ಹೋದೆ. ಗೋಡೆಗೆ ಗಾಜು ಹಾಕಿದ್ದಾರೆ. ಒಳಗೆ ಅಕ್ಷರಗಳು ಹಾಗೇ ಇವೆ, ಕೆಳಗಿನ ಸಾಲಿನ ಮೊದಲ ಅಕ್ಷರದ ಮೇಲೆ ಹೆಬ್ಬೆರಳಗಲದ ಹಳದಿಯೂ ಇದೆ. ಪಕ್ಕದಲ್ಲಿ ಮುದುಕ ಮಾರುವ ಮೊದಲು ಹಾಕಿಸಿದ ಹಿತ್ತಾಳೆಯ ಫಲಕ. ಹಳೆಯ ವ್ಯಾಪಾರಿಯ ಬಗ್ಗೆ ನಾಲ್ಕು ಮಾತು ಬರೆದು, ಕೊನೆಗೆ ಹೀಗಿದೆ: ಹಳದಿ ಗುರುತು ಇದೇ ಅಂಗಡಿಯ ಇನ್ನೊಬ್ಬ ವ್ಯಾಪಾರಿ ಹಚ್ಚಿದ್ದು. ಒರೆಸಬಾರದು.

ಓದಿ ಅಲ್ಲೇ ಅತ್ತೆ. ಕಣ್ಣೊರೆಸಿಕೊಂಡು ಕೌಂಟರಿಗೆ ಹೋಗಿ ಒಂದು ಕಾಫಿ ಕೇಳಿದೆ. ಅಲ್ಲಿದ್ದ ಹೆಂಗಸು, ಈಗ ತಾನೇ ಬಾಗಿಲು ತೆಗೆದೆವು, ನೀವೇ ಇವತ್ತಿನ ಮೊದಲನೆಯವರು ಎಂದಳು. ಇವತ್ತು ನಿಮಗೆ ವ್ಯಾಪಾರ ಚೆನ್ನಾಗಿ ಆಗುತ್ತದೆ ಎಂದೆ. ನಿಮಗೆ ಹೇಗೆ ಗೊತ್ತು ಎಂದು ಕೇಳಿದಳು. ನನ್ನ ಕೈಗುಣ ಒಳ್ಳೆಯದು, ಇದೇ ಅಂಗಡಿಯವರು ಹೇಳಿದ್ದು ಎಂದೆ.