ಕರೀಮಸಾಬರ ಆರು ಬಲ್ಬಿನ ದೀಪ

ಸುಟ್ಟ ಪಂಪಿನ ಮೋಟಾರಿಗೆ ಹೊಸದಾಗಿ ತಂತಿ ಸುತ್ತಿ ಜೀವ ಕೊಡುವುದರಲ್ಲಿ ಜೇವರ್ಗಿಯಲ್ಲಿ ಕರೀಮಸಾಬರನ್ನು ಮೀರಿಸುವವರಿರಲಿಲ್ಲ. ಮಾತಿನಲ್ಲಿ ಮಾತ್ರ ಮಹಾ ಜುಗ್ಗ. ಇಂಥವರ ಅಂಗಡಿಗೆ ಎಂಬತ್ತಾರರ ಬೇಸಿಗೆಯಲ್ಲಿ ನರ್ಸ್ ರುಕ್ಮಿಣಿಬಾಯಿ ಬಂದರು. ನೌಕರಿಯಿಂದ ನಿವೃತ್ತರಾದ ಮೇಲೆ ಅವರು ತಮ್ಮ ಮನೆಯ ಒಂದು ಕೋಣೆಯಲ್ಲೇ ಹೆರಿಗೆ ಮಾಡಿಸುತ್ತಿದ್ದರು.

“ಒಂದೇ ಬಲ್ಬ್ ಇದ್ರ ನನ್ನ ತಲಿ ನೆಳ್ಳು ನನ್ನ ಕೈಮ್ಯಾಲೇ ಬೀಳ್ತದ್ರಿ. ಹೊಲಿಗಿ ಹಾಕೂಮುಂದ ಬೆಳಕು ಭರಪೂರ ಬೇಕು, ಕೂಸು ಕಣ್ಣು ಬಿಡೂಮುಂದ ಕಡಿಮಿ ಆಗಬೇಕು. ಆಗ್ತದೇನು?”

“ನೋಡ್ತೇನ್ರಿ ಅಕ್ಕೋರ,” ಎಂದರು ಕರೀಮಸಾಬ.

ಹೆರಿಗೆಯ ಹಾಸಿಗೆಯ ಮೇಲೆ ತೂಗುಬಿಡಲು ಹಳೆಯ ಸೈಕಲ್ ರಿಮ್ಮಿನ ಸುತ್ತ ಆರು ಹೋಲ್ಡರ್ ಕೂಡಿಸಿದರು. ಎರಡೆರಡು ಬಲ್ಬಿಗೆ ಒಂದೊಂದರಂತೆ ಫ್ಯಾನಿನ ಮೂರು ಹಳೆಯ ರೆಗ್ಯುಲೇಟರ್. ತಿರುವಿದಂತೆಲ್ಲ ಬೆಳಕು ಹಂತಹಂತವಾಗಿ ಏರುತ್ತಿತ್ತು, ಇಳಿಯುತ್ತಿತ್ತು. ರೆಗ್ಯುಲೇಟರಿನ ಕಾವಿಗೆ ಮರದ ಹಲಗೆ ಕರಕಾದಾಗ ಅದನ್ನು ಕಿತ್ತೆಸೆದು ಶಹಾಬಾದ್ ಕಲ್ಲಿನ ತುಂಡಿಗೆ ಅವನ್ನು ಬಿಗಿದರು. ಆ ಕಲ್ಲನ್ನು ನಿಲ್ಲಿಸಿದ್ದು ಹೊರಗಿನ ಪಡಸಾಲೆಯ ಗೋಡೆಗೆ. ಒಳಗೆ ಹೆಣ್ಣುಮಕ್ಕಳಿದ್ದಾಗ ಗಂಡಸು ರಿಪೇರಿಗೆಂದು ಕಾಲಿಡುವುದುಂಟೇ? ರುಕ್ಮಿಣಿಬಾಯಿಗೂ ಅದೇ ಸರಿಯೆನಿಸಿತು. ಹೇಗೂ ಅವರ ಕೈ ರಕ್ತವಾಗಿರುತ್ತದೆ, ಒಳಗಿಂದ ಕೂಗಿದರೆ ಹೊರಗಿದ್ದ ಮನೆಯವರು ತಿರುವುತ್ತಾರೆ.

ತಪ್ಪಾದದ್ದು ಪರೀಕ್ಷೆಯಲ್ಲಿ. ಅಂದು ಸಂಜೆ ಹೊಲಗಳ ಪಂಪುಗಳೆಲ್ಲ ಓಡುತ್ತಿದ್ದವು, ಊರಿನ ವೋಲ್ಟೇಜ್ ನೆಲಕಚ್ಚಿತ್ತು. ಕರೀಮಸಾಬ ರೆಗ್ಯುಲೇಟರುಗಳನ್ನು ಕೊನೆಯವರೆಗೆ ತಿರುವಿ, ಆಗಷ್ಟೇ ಬೆಳಕು ಸಾಕೆನಿಸಿದ್ದರಿಂದ ಅಲ್ಲೇ ಕೆಂಪು ಬಣ್ಣದ ಗುರುತು ಹಾಕಿದರು. ವಿದ್ಯುತ್ ಮಂಡಳಿಯವರು ಪಂಪಿನ ಕರೆಂಟ್ ತೆಗೆದೊಡನೆ ಊರಿನ ವೋಲ್ಟೇಜ್ ಜಿಗಿಯುತ್ತದೆಂಬುದು ಅವರಿಗೆ ಗೊತ್ತಿಲ್ಲದ್ದೇ? ಅದೇ ಏರಿಳಿತಕ್ಕೆ ಸುಟ್ಟ ಮೋಟಾರುಗಳಿಂದಲೇ ಅವರ ಹೊಟ್ಟೆ ತುಂಬುತ್ತಿದ್ದದ್ದು! ಹೊಸ ದೀಪದ ಹುರುಪಿನಲ್ಲಿ ಮರೆತೇಬಿಟ್ಟಿದ್ದರು.

ಮೊದಲ ಹೆರಿಗೆಯ ದಿನ ಬಾಣಂತಿಯ ಮಾವ ಗುರುತಿನವರೆಗೆ ತಿರುವಿ ನಿಂತ. ಪಂಪಿನ ಕರೆಂಟ್ ಹೋಯಿತು. ಎರಡು ಬಲ್ಬ್ ಸಿಡಿದು ಗಾಜು ಹಾಸಿಗೆಯ ಮೇಲೆ ಬಿತ್ತು. ಪುಣ್ಯಕ್ಕೆ ಯಾರಿಗೂ ಗಾಯವಾಗಲಿಲ್ಲ.

“ಬಿಚ್ಕೊಂಡು ಹೋಗ್ರಿ ನಿಮ್ಮ ದೀಪ,” ಮರುದಿನ ಅಂಗಡಿ ಮುಂದೆ ರುಕ್ಮಿಣಿಬಾಯಿಯ ದನಿ ಇಡೀ ಬಜಾರಿಗೆ ಕೇಳಿಸಿತು. “ನಂಬಿದ್ದೆ ನಿಮ್ಮನ್ನ.”

ಆ ಕೊನೆಯ ಮಾತು ಕರೀಮಸಾಬರಿಗೆ ಚುಚ್ಚಿತು. ಸಂಜೆಗೆ ಅವರ ಮನೆಗೆ ಹೋಗಿ ಕೆಂಪು ಗುರುತನ್ನು ಕೆರೆದು ತೆಗೆದರು, ಬಲ್ಬುಗಳ ಕೆಳಗೆ ತಂತಿಯ ಜಾಲರಿ ಕಟ್ಟಿದರು. ಪಡಸಾಲೆಯಲ್ಲಿ ರೆಗ್ಯುಲೇಟರಿಲ್ಲದೆ ನೇರ ಕರೆಂಟಿಗೆ ಕೂಡಿಸಿದ ಒಂಟಿ ಬಲ್ಬ್ ಇಳಿಬಿಟ್ಟರು. ವೋಲ್ಟೇಜ್ ಏರಿದರೆ ಅದು ಮೊದಲು ಹೇಳುತ್ತದೆ.

“ಇನ್ನೊಂದು ಹೆರಿಗಿ ನೋಡ್ರಿ ಅಕ್ಕೋರ. ನಾನೇ ಹೊರಗ ಕುಂಡ್ರತೇನಿ. ಮತ್ತ ಕೆಟ್ರ ನಾನೇ ಬಿಚ್ಚತೇನಿ.”

ಮೂರನೆಯ ದಿನ ಸಂಜೆ ಸುಭದ್ರಾಬಾಯಿ ಎಂಬ ಚೊಚ್ಚಲ ಬಸುರಿ ಬಂದಳು. ಕೂಸೇನೋ ಹುಟ್ಟಿತು, ಆದರೆ ರಕ್ತ ನಿಲ್ಲಲಿಲ್ಲ.

“ಕರೀಮಸಾಬ್, ಪೂರಾ ಕೊಡ್ರಿ! ಹೊಲಿಗಿ ಹಾಕಾಕತ್ತೇನಿ!”

ಕರೀಮಸಾಬ ಮೂರೂ ರೆಗ್ಯುಲೇಟರನ್ನು ಪೂರ್ತಿ ತಿರುವಿ, ಒಂಟಿ ಬಲ್ಬನ್ನೇ ದಿಟ್ಟಿಸುತ್ತ ನಿಂತರು. ಸ್ವಲ್ಪ ಹೊತ್ತಿಗೆ ಅದು ಬೆಳ್ಳಗೆ ಉರಿಯಿತು. ಮೊದಲನೆಯದನ್ನು ಒಂದು ಹಂತ ಇಳಿಸಿದರು, ಎರಡನೆಯದನ್ನು ಇಳಿಸಿದರು. ಮೂರನೆಯದರ ಕಬ್ಬಿಣದ ಹಿಡಿ ಕಾದು ಕೆಂಡವಾಗಿ ಬಿಗಿದುಕೊಂಡಿತ್ತು. ಬಟ್ಟೆ ಹುಡುಕುವಷ್ಟರಲ್ಲಿ ಬಲ್ಬ್ ಹೋಗುತ್ತದೆ. ಬರಿಗೈಯಲ್ಲೇ ಅಮುಕಿ ಹಿಡಿದು ತಿರುವಿದರು. ಆಮೇಲೂ ಕರೆಂಟು ಏರಿತು, ಇಳಿಯಿತು. ಅರ್ಧ ತಾಸು ಅವರ ಕೈ ಆ ಕಬ್ಬಿಣ ಬಿಡಲಿಲ್ಲ.

ಕೊನೆಗೆ ರುಕ್ಮಿಣಿಬಾಯಿ ಬೆವರು ಒರೆಸಿಕೊಳ್ಳುತ್ತ ಹೊರಬಂದರು.

“ರಕ್ತ ನಿಂತದ್ರಿ. ತಾಯಿ, ಕೂಸು ಇಬ್ಬರೂ ಆರಾಮ. ಇವತ್ತೇನು ಪಂಪಿನ ಕರೆಂಟ್ ತಗೀಲೇ ಇಲ್ಲೇನು? ಬೆಳಕು ಒಂದ್ಸಲಾನೂ ಅಲಗಾಡಲಿಲ್ಲ.”

ಕರೀಮಸಾಬ ಕೈಯನ್ನು ಬೆನ್ನ ಹಿಂದೆ ಸರಿಸಿದರು. ಮೂವತ್ತು ವರ್ಷ ರೋಗಿಗಳನ್ನು ಕಂಡ ಹೆಂಗಸು, ಕೈಯನ್ನು ಎಳೆದೇ ನೋಡಿದರು. ನಾಲ್ಕು ಬೆರಳೂ ಬೊಬ್ಬೆಯೆದ್ದಿದ್ದವು.

ಒಳಹೋಗಿ ಮುಲಾಮು ತಂದರು, ಪಡಸಾಲೆಯ ಕಟ್ಟೆಯ ಮೇಲೆ ಕುಳಿತು ಒಂದೊಂದೇ ಬೆರಳಿಗೆ ಪಟ್ಟಿ ಕಟ್ಟಿದರು.

“ಬಿಚ್ಕೊಂಡು ಹೋಗ್ರಿ ಅಂದೆನಲ್ಲ, ಆ ನನ್ನ ಬಾಯಾಗ ಮಣ್ಣು ಬೀಳ್ಲಿ,” ಎನ್ನುವಾಗ ಅವರ ಕಣ್ಣು ತುಂಬಿತ್ತು.

ಮುಂದಿನ ಹನ್ನೊಂದು ವರ್ಷ ಹೆರಿಗೆಗೆ ಯಾರೇ ಬರಲಿ, ನೀರು ಕಾಯಿಸಲು ಹೇಳುವುದಕ್ಕಿಂತ ಮುಂಚೆ ರುಕ್ಮಿಣಿಬಾಯಿ ಹೇಳುತ್ತಿದ್ದದ್ದು ಒಂದೇ ಮಾತು: “ಮೊದಲ ಕರೀಮಸಾಬರನ್ನ ಕರೀರಿ.”