ಸಂತೆ ದಿನದವರು, ರಜೆ ದಿನದವರು

ಒಂದು ಕಾರ್ಡಿನ ಮೇಲೆ ನಾನು ಸುಳ್ಳು ಬರೆದೆ. ಕೈತಪ್ಪಿ ಬರೆದದ್ದಲ್ಲ, ಗೊತ್ತಿದ್ದೂ ಬರೆದದ್ದು. ಮಕ್ಕಳೇ, ಆ ಕಾರ್ಡಿನಲ್ಲಿರುವ ಹೆಸರು ನಿಮ್ಮ ದೊಡ್ಡಜ್ಜನದು — ನನ್ನ ಗಂಡನ ಅಣ್ಣನದು. ಅವರ ಚಿತ್ರಕ್ಕೆ ನೀವು ಕೈಮುಗಿಯುತ್ತೀರಿ. ಮುಗಿಯಿರಿ, ತಪ್ಪು ಅವರದಲ್ಲ.

ಅದಿರಿನ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ಕಾಲ ಅದು. ಹೊಸಪೇಟೆಯಲ್ಲಿ ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕೆಂಪಾಗಿರುತ್ತಿತ್ತು. ನಿಮ್ಮಜ್ಜ ತೀರಿಕೊಂಡ ಮೇಲೆ ನಾನು ಭಾವನವರ ಮನೆಯಲ್ಲೇ ಇದ್ದೆ. ಅವರು ಹೆಸರಾದ ವೈದ್ಯರು. ನಾನು ಕಂಪ್ಲಿ ಕಡೆಯ ಹಳ್ಳಿಯಲ್ಲಿ ಏಳನೆಯ ತರಗತಿ ಮುಗಿಸಿದವಳು. ಅಕ್ಷರ ದುಂಡಗಿತ್ತು, ಅಷ್ಟೇ. ಅದನ್ನು ಕಂಡು ನಮ್ಮ ಬೀದಿಯ ನಿವೃತ್ತ ಡಾಕ್ಟರಮ್ಮ ನನ್ನನ್ನು ಕೆಲಸಕ್ಕೆ ಕರೆದರು.

ಕಷಾಯ, ಲೇಹ್ಯ, ಯೋಗ, ನಾಟಿ ಔಷಧ — ಇವನ್ನು ರೋಗಿಗಳ ಮೇಲೆ ಪರೀಕ್ಷಿಸಿ ನೋಡಿದ ವರದಿಗಳನ್ನೆಲ್ಲ ಹುಡುಕಿ ಪಟ್ಟಿ ಮಾಡುವುದು ಅವರ ಹಟ. ಹಳೆಯ ವೈದ್ಯಪತ್ರಿಕೆ, ಸಮ್ಮೇಳನದ ಸ್ಮರಣಸಂಚಿಕೆ, ಯಾರದೋ ಅಟ್ಟದ ಕಾಗದದ ಕಟ್ಟು — ಕನ್ನಡದವನ್ನು ಪುಟ ಬಿಡದೆ ಓದಿ ನಾನು ಕಾರ್ಡು ಬರೆಯಬೇಕು. ಯಾವ ರೋಗ, ಯಾವ ಔಷಧ, ಗುಣ ಕಂಡಿತೇ ಇಲ್ಲವೇ. ಕಾಣದಿದ್ದರೂ ಕಾರ್ಡು ಬರೆಯಲೇಬೇಕು. ಕೊನೆಯ ಸಾಲು ಎಲ್ಲಕ್ಕಿಂತ ಮುಖ್ಯ: ಔಷಧ ಯಾರಿಗೆ, ಬರೀ ನೀರು ಯಾರಿಗೆ ಎಂದು ಹೇಗೆ ಹಂಚಿದರು? ಯಾರಿಗೆ ಯಾವುದೆಂದು ವೈದ್ಯರು ಆರಿಸದಂತೆ ಚೀಟಿ ಎತ್ತಿ ಹಂಚಿದ್ದನ್ನು ಮಾತ್ರ ಡಾಕ್ಟರಮ್ಮ ನಂಬುತ್ತಿದ್ದರು.

ಒಂದು ದಿನ ಭಾವನವರ ವರದಿಯೇ ಸಿಕ್ಕಿತು. ಸಂಡೂರಿನಲ್ಲಿ ದೂಳಿನ ಕೆಮ್ಮಿಗೆ ಅವರು ಕೊಟ್ಟ ಕಷಾಯದ್ದು.

“ಹೆಂಗ ಹಂಚಿದ್ರು ಅಂತ ಬರದೇ ಇಲ್ಲಲ್ಲವಾ ಇದರಾಗ. ನಿಮ್ಮ ಭಾವನೋರೇ ಅದಾರಲ್ಲ, ಕೇಳಿಕೊಂಡು ಬಾ,” ಎಂದರು ಡಾಕ್ಟರಮ್ಮ. ನಾನು ತಲೆಯಾಡಿಸಿದೆ. “ಬರೇ ತಲಿ ಆಡಸ್ತಿ. ಬಾಯಾಗ ನೀರು ತುಂಬಿಕೊಂಡೀಯೇನು?”

ನಮ್ಮಲ್ಲಿ ಹೆಂಗಸು ಗಂಡನ ಅಣ್ಣನೆದುರು ನಿಂತು ಮಾತಾಡುವ ಪದ್ಧತಿಯಿಲ್ಲ. ಊಟಕ್ಕೆ ಕರೆಯುವುದೂ ಬಾಗಿಲ ಮರೆಯಿಂದಲೇ. ಅದಕ್ಕೇ ಕೇಳಲಿಲ್ಲ — ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಆದರೆ ಕೇಳುವ ಅಗತ್ಯವೇ ಇರಲಿಲ್ಲ. ಸಂಡೂರಿನಲ್ಲಿ ಆ ಕಷಾಯ ಹಂಚುವಾಗ ಮನೆಯವರ ಜೊತೆ ಹೋಗಿ, ಒಳಕೋಣೆಯಲ್ಲಿ ಕೂತು ರೋಗಿಗಳ ಹೆಸರು ಬರೆದುಕೊಂಡವಳು ನಾನೇ.

ಭಾವನವರ ಬಳಿ ಇದ್ದದ್ದು ಒಂದೇ ಹಂಡೆ. ಸಂತೆಯ ದಿನ ಅದರಲ್ಲಿ ಕಷಾಯ ಕುದಿಸಿದರು. ಗಣಿಗೆ ರಜೆಯಿದ್ದ ದಿನ, ಹೋಲಿಸಿ ನೋಡಲೆಂದು, ಬೆಲ್ಲ ಶುಂಠಿಯ ನೀರು. ಸಂತೆಗೆ ಬಂದವರು ಹೊಲದ ಜನ. ಅವರದು ತಾನಾಗಿ ಹೋಗುವ ನೆಗಡಿ ಕೆಮ್ಮು. ರಜೆಯಲ್ಲಿ ಬಂದವರು ಅದಿರು ತುಂಬುವವರು. ಅವರದು ದೂಳು ಎದೆಗಿಳಿದ, ಸುಲಭಕ್ಕೆ ಹೋಗದ ಕೆಮ್ಮು. ಕಷಾಯ ಕುಡಿದವರು ಗುಣವಾದರು — ಆಗದೆ ಇರುತ್ತಾರೆಯೇ? ಭಾವನವರಿಗೆ ಇದು ಹೊಳೆದಿರಲಿಲ್ಲ. ಕಾರ್ಡು ಬರೆದು ಬರೆದು ನನಗೆ ಹೊಳೆದಿತ್ತು.

ಅವರ ಅನ್ನ ಉಣ್ಣುತ್ತಿದ್ದೆ. ಅವರ ಹೆಸರು ಕೆಡುವುದು — ಅದೂ ನನ್ನ ಕೈಯಿಂದ... ಮರುದಿನ “ಕೇಳಿದೆ ರೀ” ಎಂದೆ. ‘ಚೀಟಿ ಎತ್ತಿ’ ಎಂದು ದುಂಡಗೆ ಬರೆದೆ. ಡಾಕ್ಟರಮ್ಮ ಒಮ್ಮೆಯೂ ಅನುಮಾನಿಸಲಿಲ್ಲ.

ನಮ್ಮ ಹಿಂದುಗಡೆ ಮನೆಯ ಹುಲಿಗೆಮ್ಮನ ಗಂಡ ಅದಿರು ತುಂಬುತ್ತಿದ್ದ. ಅವನ ಉಬ್ಬಸಕ್ಕೆ ಆಸ್ಪತ್ರೆಯವರು ಬಾಯಿಂದ ಸೇದುವ ಔಷಧ ಕೊಟ್ಟಿದ್ದರು.

“ಅಕ್ಕ, ಇವರು ಆ ಪೀಪಿ ಊದಂಗಿಲ್ಲ, ಮಂದಿ ನಗ್ತಾರ ಅಂತಾರ. ನಿಮ್ಮ ಭಾವನೋರ ಕಷಾಯಕ್ಕ ಖರೇನ ಗುಣ ಆಗ್ತದೇನು? ನೀ ಎಲ್ಲಾ ಓದಿರ್ತಿ.”

“ಚೀಟಿ ಎತ್ತಿ ನೋಡ್ಯಾರ,” ಎಂದೆ. “ಗುಣ ಆಗೇತಿ.”

ಅಷ್ಟೇ ಹೇಳಿದ್ದು. ಅವನು ಸೇದುವುದನ್ನು ಬಿಟ್ಟು ಕಷಾಯ ಹಿಡಿದ. ಮಳೆಗಾಲದ ಹೊತ್ತಿಗೆ ಬೀದಿಯ ನಲ್ಲಿಯವರೆಗೆ ನಡೆಯಲಾರದವನಾದ. ಮತ್ತೆ ಆಸ್ಪತ್ರೆಯ ಔಷಧಕ್ಕೆ ಬಂದರೂ ಮೊದಲಿನಂತಾಗಲಿಲ್ಲ. ಕೆಲವು ವರ್ಷ ಮೂಲೆಯಲ್ಲಿ ಕೂತು ತೀರಿಕೊಂಡ. ಔಷಧ ಬಿಡದಿದ್ದರೆ — ಗೊತ್ತಿಲ್ಲ. ದೂಳೇ ಅವನನ್ನು ಬಿಡುತ್ತಿರಲಿಲ್ಲವೇನೋ. ಆದರೆ ಆ ಮಾತು ನಾನು ಆಡತಕ್ಕದ್ದಲ್ಲ.

ಡಾಕ್ಟರಮ್ಮನೂ ಇಲ್ಲ, ಭಾವನವರೂ ಇಲ್ಲ. ಪಟ್ಟಿ ಅಚ್ಚಾಗಿ ಗ್ರಂಥಾಲಯ ಸೇರಿದೆ; ಓದಿದವರು ನನ್ನ ಸುಳ್ಳನ್ನು ನಂಬುತ್ತಾರೆ. ಕಳೆದ ತಿಂಗಳು ಅಲ್ಲಿಗೆ ಕಾಗದ ಬರೆದು, ಹಂಚಿದ್ದು ಹೇಗೆಂದು ಇದ್ದದ್ದು ಇದ್ದಂತೆ ತಿಳಿಸಿದೆ. ಆಮೇಲೆ ಹುಲಿಗೆಮ್ಮನ ಮನೆಗೆ ಹೋದೆ. ಅವಳು ಜೋಳ ಹಸನು ಮಾಡುತ್ತಿದ್ದಳು. ಎಲ್ಲವನ್ನೂ ಹೇಳಿದೆ.

“ಆವಾಗ್ಲೇ ಗೊತ್ತಿತ್ತೇನಕ್ಕ ನಿನಗ?”

“ಗೊತ್ತಿತ್ತು.”

ಅವಳು ಮೊರ ಕೆಳಗಿಟ್ಟಳು. ಆಮೇಲೆ, “ಸರಿ ಹೊತ್ತಿಗೆ ಕಷಾಯ ಕುಡೀಲಿಲ್ಲ, ಅದಕ್ಕ ಗುಣ ಆಗ್ಲಿಲ್ಲಂತ ಅವರಿಗೇ ಬೈತಿದ್ದೆ,” ಎಂದಳು. “ಸಾಯೋತನಕ ಬೈದೆ.”

ಮೊರ ಎತ್ತಿಕೊಂಡು ಒಳಗೆ ಹೋದಳು. ಕ್ಷಮೆ ಕೇಳಬೇಕೆಂದು ಹೋಗಿದ್ದೆ — ಕೇಳದೆ ಎದ್ದು ಬಂದೆ.