ಎರಡು ಸಾವಿರದ ಏಳನೇ ಇಸವಿಯಾಗ ಸಿಕ್ಕಿಬಿದ್ದ ಕಂಪ್ಯೂಟರು

ಕಂಪ್ಯೂಟರ್ ಕೆಟ್ಟಾಗ ಮನುಷ್ಯರ ಬಾಯಿಂದ ಬರೋ ಮೊದಲನೇ ಮಾತು ಯಾವುದು ಅಂತ ನೀವು ಯಾವಾಗಾದ್ರೂ ಗಮನಿಸೀರೇನ್ರಿ? ನಾನು ಗಮನಿಸೀನಿ, ಯಾಕಂದ್ರ ಆ ಮಾತು ಕೇಳಿಸ್ಕೊಳ್ಳೋದೇ ನನ್ನ ಅರ್ಧ ಉದ್ಯೋಗ. "ನಾನೇನೂ ಮಾಡಿಲ್ಲಪ್ಪ, ಅದೇ ಕೆಟ್ಟು ಕುಂತೈತಿ." ಫ್ಯಾನ್ ಕೆಟ್ರ ಯಾರೂ ಹಂಗನ್ನಲ್ಲ, ಮಿಕ್ಸಿ ಸುಟ್ರೂ ಅನ್ನಲ್ಲ. ಕಂಪ್ಯೂಟರ್ ನಿಂತ್ರ ಮಾತ್ರ, ಪೊಲೀಸರ ಮುಂದ ನಿಂತೋರಂಗ ಎರಡೂ ಕೈ ಮ್ಯಾಲೆತ್ತಿ ಪರಮ ನಿರಪರಾಧಿಗಳಾಗಿಬಿಡ್ತಾರ. ಯಾರೂ ಮುಟ್ಟದ ಯಂತ್ರ ತನ್ನಷ್ಟಕ್ಕ ತಾನೇ ವೈರಾಗ್ಯ ಬಂದು ಕಣ್ಣು ಮುಚ್ಚಿತಂತ.

ನನ್ನ ಪರಿಚಯ ಹೇಳಿಬಿಡ್ತೀನಿ. ವಯಸ್ಸು ಹದಿನಾರು, ಇಂಟರ್ ಅಂದ್ರ ನಿಮ್ಮ ಪಿಯುಸಿ ಮೊದಲನೇ ವರ್ಷ, ಊರು ಆಂಧ್ರದೊಳಗ, ರಾಯದುರ್ಗದಿಂದ ಕಣೇಕಲ್ಲಿಗೆ ಹೋಗೋ ದಾರಿಯಾಗ. ನಮ್ಮೂರಿಗೂ ಸುತ್ತಲಿನ ನಾಕೂರಿಗೂ ಸೇರಿ ಲಿನಕ್ಸ್ ಬಲ್ಲ ಮಹಾಪಂಡಿತ ಒಬ್ಬನೇ ಅದಾನ. ಅವನ ಹೆಸರು ಹೇಳಿದ್ರ ಆತ್ಮಪ್ರಶಂಸೆ ಆಗ್ತೈತಿ, ಅದಕ್ಕ ಹೇಳಲ್ಲ. ಈ ಪ್ರಬಂಧ ಬರಿಯಾಕತ್ತಿರೋನು ಅವನೇ ಅಂತ ಮಾತ್ರ ವಿನಯದಿಂದ ತಿಳಿಸ್ತೀನಿ. ಲಿನಕ್ಸ್ ಅಂದ್ರ ಕಂಪ್ಯೂಟರ್ ನಡೆಸೋ ಪುಕ್ಕಟೆ ಸಾಫ್ಟ್‌ವೇರು. ಬ್ಯಾರೆ ಸಾಫ್ಟ್‌ವೇರು ಹಾಕಿದ್ರ ಏದುಸಿರು ಬಿಡೋ ಮುದಿ ಮಷೀನೂ ಇದನ್ನ ಹಾಕಿದ್ರ ಎದ್ದು ಓಡಾಡ್ತೈತಿ. ಒಂದು ಪೆನ್ ಡ್ರೈವಿನಾಗ ಅದನ್ನ ತುಂಬ್ಕೊಂಡು, ಕೊರಳಾಗ ತೂಗಾಕ್ಕೊಂಡು, ಮನಿಮನಿಗೆ ಹೋಗಿ ಕಂಪ್ಯೂಟರಿಗೆ ಪುನರ್ಜನ್ಮ ಕೊಡೋದು ನನ್ನ ಧರ್ಮ.

ನನ್ನ ಚಿಕಿತ್ಸೆ ಎಂಥಾದ್ದು ಅಂತ ತಿಳೀಬೇಕಾದ್ರ ಮಡಕಶಿರಾದ ನಮ್ಮ ಮಾವನ ಕೇಸು ಕೇಳ್ರಿ. ಅವ್ರು ನಮ್ಮಮ್ಮನ ತಮ್ಮ. ಒಂದಿನ ಫೋನ್ ಮಾಡಿ, "ಲೇ, ನೀನು ಹಾಕ್‌ಕೊಟ್ಟಿದ್ದ ಲಿನಕ್ಸ್‌ನಾಗೆ ಸೌಂಡೇ ಬರ್ತಿಲ್ಲ ಕಣೋ. ಸ್ಪೀಕರ್ ಲೈಟೂ ಉರೀತಿಲ್ಲ. ನಾನೇನೂ ಮಾಡಿಲ್ಲಪ್ಪ," ಅಂದ್ರು. ನಾನು ಗಂಭೀರವಾಗಿ, "ಇದು ಡ್ರೈವರ್ ಸಮಸ್ಯೆ ಮಾವ," ಅಂದೆ. ಡ್ರೈವರ್ ಅಂದ್ರ ಮಷೀನಿನ ಅಂಗಾಂಗಕ್ಕೂ ಸಾಫ್ಟ್‌ವೇರಿಗೂ ನಡುವೆ ಮಾತು ಮುಟ್ಟಿಸೋ ಪ್ರೋಗ್ರಾಮು; ಯಾವ ರೋಗಕ್ಕೂ ಈ ಹೆಸರು ಹೇಳಬಹುದು, ಯಾರೂ ಎದುರು ಮಾತಾಡಲ್ಲ. ನಲವತ್ತು ನಿಮಿಷ ಒಂದೊಂದೇ ಇಂಗ್ಲಿಷ್ ಅಕ್ಷರ ಹೇಳಿ ಕಮಾಂಡ್ ಹೊಡೆಸಿದೆ. ಕಡೀಗೆ ಮಾವ, "ತಡಿ ತಡಿ, ನಿಮ್ಮತ್ತೆ ಸ್ಪೀಕರ್ ಪ್ಲಗ್ ಕಿತ್ತು ಫೋನ್ ಚಾರ್ಜಿಗೆ ಹಾಕವ್ಳೆ ಕಣೋ," ಅಂದ್ರು. ಲೈಟು ಉರೀತಿಲ್ಲ ಅಂತ ಆ ಪುಣ್ಯಾತ್ಮ ಮೊದಲನೇ ಉಸಿರಿನಾಗೇ ಹೇಳಿದ್ರು. ಕೇಳಿಸ್ಕೊಳ್ಳಾಕ ನನಗ ಪುರುಸೊತ್ತೆಲ್ಲಿತ್ತು? ಆದ್ರೂ, "ಈಗ ಡ್ರೈವರೂ ಗಟ್ಟಿ ಆತು ಬಿಡ್ರಿ ಮಾವ," ಅಂತ ಹೇಳೇ ಫೋನ್ ಇಟ್ಟೆ.

ಇಷ್ಟು ಕೀರ್ತಿ ಗಳಿಸಿದ ಮ್ಯಾಲೇ ರೇಣುಕತ್ತೆ ಪ್ರಕರಣ ನಡೆದಿದ್ದು.

ರೇಣುಕತ್ತೆ ನಮ್ಮಪ್ಪನ ತಂಗಿ, ನಮ್ಮೂರಾಗೇ ಆಚಿ ಓಣಿಗೆ ಕೊಟ್ಟೈತಿ. ಕನ್ನಡ ಮೀಡಿಯಮ್ ಟೀಚರ್ ಆಗಬೇಕಂತ ಟ್ರೇನಿಂಗ್ ಮಾಡಿ, ಪರೀಕ್ಷೆ ಬಂದಾಗೆಲ್ಲ ಬರದು, ಪ್ರತಿ ಸಲ ಕೂದಲೆಳೆಯಾಗ ನೌಕರಿ ಕೈ ತಪ್ಪಿಸ್ಕೊಂಡಾಕಿ. ನಮ್ಮ ಕಡೆ ಕನ್ನಡ ಪೋಸ್ಟು ಬರೋದೇ ಅಪರೂಪ. ಈ ಸಲ ಬಂದಿತ್ತು. ಮುಂದಿನ ತಿಂಗಳು ಆಕೆಯ ವಯಸ್ಸು ಮಿತಿ ದಾಟೋದಿತ್ತು. ಹಂಗಾಗಿ ಇದೇ ಕಡೀ ಅವಕಾಶ. ಬೇಕಾದ ಒಂದು ಸರ್ಟಿಫಿಕೇಟು ಶನಿವಾರ ಕೈಗೆ ಸಿಕ್ಕಿತ್ತು, ಅರ್ಜಿ ಹಾಕಾಕ ಕೊನೇ ಗಳಿಗೆ ಸೋಮವಾರ ಸಾಯಂಕಾಲ ಐದು. ಆನ್‌ಲೈನಿನಾಗೇ ಹಾಕಬೇಕು.

"ರಾಯದುರ್ಗಕ್ಕ ಹೋಗಿ ನೆಟ್ ಸೆಂಟರಿನಾಗ ಹಾಕಿ ಬಂದುಬಿಡ್ಲೇನೋ?" ಅಂದ್ಲು.

"ಅತ್ತೇ, ಮನ್ಯಾಗ ನಾನಿದ್ದು ನೆಟ್ ಸೆಂಟರಿಗೆ ಹೋದ್ರ ನನ್ನ ಮರ್ಯಾದಿ ಏನಾಗಬೇಕು?" ಅಂದೆ. ಅಷ್ಟಕ್ಕೇ ಬಿಡದೆ ಭಾನುವಾರಾನೇ ಅವ್ರ ಮನಿಗೆ ಹೋಗಿ, ಇಂಥಾ ಘನಕಾರ್ಯಕ್ಕ ಅವ್ರ ಮನ್ಯಾಗಿನ ಮುದಿ ಮಷೀನು ಚುರುಕಿರಬೇಕು ಅಂತ ಹೇಳಿ, ಒಂದು ವಿಡಿಯೋ ನೋಡ್ಕೊಂಡು ಅದನ್ನ ಸ್ಪೀಡ್ ಮಾಡಿ ಬಂದೆ. ಮಷೀನು ಎದ್ದಾಗ ತೆರೆಮರೆಯಾಗ ಹತ್ತಾರು ಸಣ್ಣ ಪ್ರೋಗ್ರಾಮು ಆಳುಗಳಂಗ ಕೆಲಸ ಶುರು ಮಾಡ್ತಾವ. ಅದರಾಗ ಹೆಸರು ನೋಡಿದ್ರ ಸೋಮಾರಿ ಅನ್ನಿಸಿದ ಹನ್ನೊಂದು ಆಳುಗಳನ್ನ ಕೆಲಸದಿಂದ ತೆಗೆದು ಹಾಕಿದೆ. ಒಂದು ನಿಮಿಷ ತಗಂತಿದ್ದ ಮಷೀನು ಇಪ್ಪತ್ತೆರಡು ಸೆಕೆಂಡಿಗೆ ಎದ್ದು ಕುಂತಿತು. ಅತ್ತೆಯ ಅತ್ತೆ, ಅಂದ್ರ ಆ ಮನಿ ಅಜ್ಜಿ, ತೆಲುಗು ಕನ್ನಡ ಎರಡೂ ಕಲಸಿ ಮಾತಾಡಾಕಿ, "ಬಾಗುಂದಿರಾ, ಬಾಳ ಚಲೋ ಆತು," ಅಂತ ಒಂದು ಉಂಡಿ ಕೊಟ್ಲು.

ಸೋಮವಾರ ಒಂದೂವರೆಗೆ ಶುರು ಮಾಡಿದ್ವಿ. ನನ್ನ ಫೋನಿನಿಂದ ನೆಟ್ ಕೊಟ್ಟು ಅರ್ಜಿ ಸೈಟು ಒತ್ತಿದೆ. "ಈ ಸಂಪರ್ಕ ಸುರಕ್ಷಿತವಲ್ಲ" ಅಂತ ಇಂಗ್ಲಿಷಿನಾಗ ದಪ್ಪಗ ಬಂತು, ಕೆಳಗ ಸಣ್ಣ ಅಕ್ಷರದಾಗ ಒಂದು ಪುರಾಣ ಇತ್ತು. ಸಣ್ಣ ಅಕ್ಷರ ಓದೋದು ಕಲಿಯೋರ ಕೆಲಸ, ಕಲಿತೋರು ಕಿಟಕಿ ಮುಚ್ಚಿ ಇನ್ನೊಮ್ಮೆ ಒತ್ತತಾರ. ಒತ್ತಿದೆ. ಅದೇ ಬಂತು. ನೆಟ್ ತೆಗೆದು ಹಾಕಿದೆ. ಇದ್ದ ಬ್ರೌಸರ್ ಬಿಟ್ಟು ಬ್ಯಾರೆ ಬ್ರೌಸರ್ ಹಾಕಾಕ ಹೋದ್ರ ಅದೂ ಇಳೀಲಿಲ್ಲ. ಫೋನಿನಾಗೇ ಅರ್ಜಿ ತುಂಬೋಣ ಅಂದ್ರ ಸೈಟು ತೆರೀತಿತ್ತು, ಸರ್ಟಿಫಿಕೇಟ್ ಏರಿಸೋ ಜಾಗಕ್ಕ ಬಂದ್ರ ಬಟನ್ನೇ ಮಾಯ.

"ಲೇ, ಬೆಳಿಗ್ಗೆ ಅದರಾಗ ತಾರೀಖು..." ಅಂತ ಅತ್ತೆ ಬಾಯಿ ತೆರೆದ್ಲು.

"ಅದೆಲ್ಲ ಸಹಜ ಅತ್ತೆ, ತಲಿ ಕೆಡಿಸ್ಕೊಬ್ಯಾಡ್ರಿ. ಇದು ಡ್ರೈವರ್ ಸಮಸ್ಯೆ. ಐದು ನಿಮಿಷ."

ಮೂರಕ್ಕ ರಾಯದುರ್ಗದ ಬಸ್ಸು ಬರೋದು. ಎರಡೂ ಐವತ್ತಕ್ಕ ಅತ್ತೆ ಚಪ್ಪಲಿ ಮೆಟ್ಟಿ ಬಾಗಿಲಾಗ ನಿಂತ್ಲು, ಕೈಯಾಗ ಸರ್ಟಿಫಿಕೇಟ್ ಫೈಲು. "ಹೋಗಲೇನು, ಇರಲೇನು? ಖರೇ ಹೇಳು."

"ಇರ್ರಿ ಅತ್ತೆ, ಬಂದೇ ಬಿಡ್ತು," ಅಂದೆ. ಖರೇ ಹೇಳಬೇಕಂದ್ರ ಏನೂ ಬಂದಿರಲಿಲ್ಲ. ಗೊತ್ತಿಲ್ಲ ಅನ್ನೋ ಒಂದು ಪದ ಬಾಯಿಗೆ ಬರಲಿಲ್ಲ, ಅಷ್ಟೇ. ಬಸ್ಸಿನ ಹಾರ್ನು ಓಣಿ ತುದಿಯಾಗ ಕೇಳಿಸ್ತು, ಕಣೇಕಲ್ಲು ಕಡೆಯಿಂದ ಬಂತು, ನಿಂತಿತು, ಹೋತು. ಇನ್ನೊಂದು ಬಸ್ಸು ಐದೂವರೆಗೆ. ಅತ್ತೆ ಚಪ್ಪಲಿ ಬಿಟ್ಟು ಒಳಗ ಬಂದು, ಫೈಲು ತೊಡಿ ಮ್ಯಾಲಿಟ್ಕೊಂಡು ನನ್ನ ಹಿಂದಿನ ಸ್ಟೂಲಿನ ಮ್ಯಾಲ ಕುಂತ್ಲು. ಬೈದಿದ್ರ ಚಲೋ ಇತ್ತು.

ನಾಕರ ಹೊತ್ತಿಗೆ ನನ್ನ ಬೆವರು ಕೀಬೋರ್ಡಿನ ಮ್ಯಾಲ ಬೀಳಾಕತ್ತಿತ್ತು. ಅಜ್ಜಿ ಬಂದು ಇಣುಕಿ, "ಏಮಿರಾ ಡಾಕ್ಟರೂ, ಪೇಷಂಟು ಉಳೀತೈತಾ, ಇಲ್ಲ ಮಂದಿ ಕರೀಲಾ?" ಅಂದ್ಲು. ನನಗ ನಗು ಬರಲಿಲ್ಲ.

ಆಗ ಅತ್ತೆ ಒಂದು ನೋಟ್‌ಬುಕ್ಕು ತಂದು ಕೀಬೋರ್ಡಿನ ಮ್ಯಾಲೇ ಇಟ್ಲು. ಕಂಪ್ಯೂಟರ್ ಮನಿಗೆ ಬಂದ ದಿನದಿಂದ ಅದು ಏನೇನು ತೋರಿಸ್ತೈತೋ ಅದನ್ನೆಲ್ಲ ಆಕೆ ದುಂಡು ಕನ್ನಡ ಅಕ್ಷರದಾಗ ಬರದಿಡ್ತಿದ್ಲು. ಟೀಚರ್ ಬುದ್ಧಿ. "ಪ್ರೆಸ್ ಎಫ್ ಒನ್ ಟು ಕಂಟಿನ್ಯೂ" ಅಂತ ಕನ್ನಡದಾಗ ಬರದಿದ್ದು ನೋಡಿ ನಾನು ಹಿಂದ ಹೊಟ್ಟಿ ಹಿಡಕೊಂಡು ನಕ್ಕಿದ್ದೆ.

"ಹೋದ ವಾರದಿಂದ ಓದು," ಅಂದ್ಲು. "ಜೋರಾಗಿ ಓದು."

ಓದಿದೆ. "ಗುರುವಾರ. ಕರೀ ಪರದೆ ಬಂತು, ಎಫ್ ಒನ್ ಒತ್ತಿದೆ. ತಾರೀಖು ೧ ಜನವರಿ ೨೦೦೭. ನೆಟ್ ಹಾಕಿದ ಮೇಲೆ ತಾನೇ ಸರಿ ಹೋಯಿತು." ಶುಕ್ರವಾರ ಅದೇ. ಶನಿವಾರ ಅದೇ. "ಭಾನುವಾರ. ಹುಡುಗ ಬಂದು ಸ್ಪೀಡ್ ಮಾಡಿ ಹೋದ." ಅದರ ಕೆಳಗ, "ಸೋಮವಾರ. ನೆಟ್ ಹಾಕಿದರೂ ತಾರೀಖು ಇವತ್ತು ಸರಿ ಹೋಗಲಿಲ್ಲ. ಹುಡುಗನನ್ನು ಕೇಳಬೇಕು."

ಎರಡು ಸಲ ಓದಿದೆ. ಆಮ್ಯಾಲ ಪರದೆಯ ಮೂಲಿಯಾಗ ನೋಡಿದೆ. ಎರಡೂವರೆ ತಾಸಿನಿಂದ ನನ್ನ ಮೂಗಿನ ಮುಂದೇ ಇತ್ತು, ೨೦೦೭. ಆ ಕಂಪ್ಯೂಟರಿನ ಪ್ರಕಾರ ನಾನಿನ್ನೂ ಹುಟ್ಟೇ ಇಲ್ಲ. ಹುಟ್ಟದೇ ಇರೋ ಒಬ್ಬ ಮನುಷ್ಯ ಎರಡೂವರೆ ತಾಸಿನಿಂದ ಅದರ ಡ್ರೈವರ್ ಸರಿ ಮಾಡಾಕತ್ತಾನ.

ಆಗ ಎಲ್ಲಾ ಒಂದಕ್ಕೊಂದು ಕೂಡಿಕೊಂತು. ಪ್ರತಿಯೊಂದು ಸಿಪಿಯು ಪೆಟ್ಟಿಗೆಯೊಳಗ ನಾಣ್ಯದಂಥ ಒಂದು ಪುಟ್ಟ ಬ್ಯಾಟರಿ ಇರ್ತೈತಿ. ಕರೆಂಟ್ ಇಲ್ಲದಾಗ ದಿನ ಎಣಿಸೋದು ಅದೇ. ಅಜ್ಜಿಗೆ ಸಿಡಿಲಂದ್ರ ಭಯ, ಹಿಂದೊಮ್ಮೆ ಟೀವಿ ಸುಟ್ಟಿತ್ತಂತ, ಅದಕ್ಕ ದಿನಾ ಕಂಪ್ಯೂಟರಿನ ಸ್ವಿಚ್ಚನ್ನ ಗ್ವಾಡಿಯಾಗೇ ಆರಿಸ್ತಾಳ. ಹಳೇ ಬ್ಯಾಟರಿ ಒಂದೇ ದುಡಿದು ದುಡಿದು ಸತ್ತು ಹೋಗೈತಿ. ಹಂಗಾಗಿ ಮಷೀನು ಪ್ರತಿದಿನ ಬೆಳಿಗ್ಗೆ ತನ್ನ ಬಾಲ್ಯದಾಗ, ಅಂದ್ರ ತಯಾರಾದ ೨೦೦೭ರಾಗ, ಏಳ್ತೈತಿ. ನೆಟ್ ಬಂದ ಕೂಡ್ಲೇ ಒಬ್ಬ ಆಳು ಹೋಗಿ, ಇವತ್ತು ಏನು ತಾರೀಖ್ರಿ ಅಂತ ಕೇಳ್ಕೊಂಡು ಬಂದು ಸರಿ ಮಾಡ್ತಿದ್ದ. ಆ ಆಳನ್ನ ನಾನು ಭಾನುವಾರ ಕೆಲಸದಿಂದ ತೆಗೆದು, ಉಂಡಿ ತಿಂದು ಬಂದಿದ್ದೆ. ಸೈಟುಗಳಿಗೂ ಒಂದು ಗುರುತಿನ ಚೀಟಿ ಇರ್ತೈತಿ, ಇಂಥಾ ದಿನದಿಂದ ಇಂಥಾ ದಿನದವರೆಗೆ ಅಂತ. ೨೦೦೭ರಾಗ ನಿಂತು ನೋಡಿದ್ರ ಈ ವರ್ಷದ ಚೀಟಿ ಇನ್ನೂ ಹುಟ್ಟೇ ಇಲ್ಲ, ಅದಕ್ಕ ಒಳಗ ಬಿಡಲಿಲ್ಲ. ನಾನು ಓದದೆ ಮುಚ್ಚಿದ್ದ ಆ ಸಣ್ಣ ಅಕ್ಷರದ ಪುರಾಣ ಈಗ ಓದಿದೆ. ನಿಮ್ಮ ಗಡಿಯಾರ ನೋಡ್ಕೊಳ್ಳಿ ಅಂತ ಪಾಪ ಅದೂ ಬರದಿತ್ತು.

ನಾನೇನೂ ಮಾಡಿಲ್ಲ ಅನ್ನೋ ಮಾತು ನನ್ನ ನಾಲಿಗಿ ತುದಿಗೆ ಬಂತು. ನುಂಗಿದೆ. "ಅತ್ತೆ, ನಾನೇ ಮಾಡಿದ್ದು," ಅಂದೆ.

"ಗೊತ್ತಾತು. ಈಗ ಮಾಡೋದು ಮಾಡು. ನಾಕು ಇಪ್ಪತ್ತೈದಾತು."

ತಾರೀಖು ಬದಲಿಸೋ ಕಿಟಕಿ ತೆರೆದೆ. ಇಸವಿ ಟೈಪ್ ಮಾಡಿದ್ರ ಅದು ತಗಳ್ಳಲಿಲ್ಲ. ಪಕ್ಕದ ಬಾಣ ಒತ್ತಿದ್ರ ಒಂದೊಂದೇ ವರ್ಷ ಮುಂದಕ್ಕ ಹೋಗ್ತಿತ್ತು. ಅತ್ತೆ ನನ್ನ ಭುಜದ ಹಿಂದ ನಿಂತು ಪರದೆ ನೋಡ್ತಿದ್ಲು.

ಎರಡು ಸಾವಿರದ ಎಂಟು. "ಟ್ರೇನಿಂಗ್ ಮುಗಿದಿದ್ದು," ಅಂದ್ಲು, ನನಗಲ್ಲ. ಒಂಬತ್ತು. "ನೀ ಹುಟ್ಟಿದ್ದಿ, ಬಾಳ ಅಳ್ತಿದ್ದಿ." ಹತ್ತು, ಮದುವಿ. ಹನ್ನೆರಡರಾಗ ಪರೀಕ್ಷೆ ಬರದಿದ್ಲಂತ, ಹೊಟ್ಟಿಯಾಗ ಮಗಳಿದ್ಲು. ಹದಿನಾಕು, ಹದಿನೈದು ದಾಟಿದ್ವು. ಇನ್ನೊಂದು ಇಸವಿಗೆ, "ಎರಡು ಮಾರ್ಕಿಗೆ ಹೋತು," ಅಂದ್ಲು. ನನ್ನ ಬೆರಳು ತಾನಾಗೇ ನಿಧಾನ ಆತು. ನಾನು ಅಷ್ಟೊತ್ತಿನ ತನಕ ಮಷೀನಿನ ಗಡಿಯಾರ ತಪ್ಪೈತಿ ಅಂತ ಮಾತ್ರ ತಿಳಕೊಂಡಿದ್ದೆ. ಆ ಗಡಿಯಾರದೊಳಗ ಆಕೆಗೆ ಇನ್ನೂ ಹದಿನೆಂಟು ವರ್ಷ ಟೈಮ್ ಇತ್ತು, ನಾನು ಒಂದೊಂದೇ ಒತ್ತಿ ತೆಗೀತಿದ್ದೆ.

"ಯಾಕ ನಿಂತಿ? ಒತ್ತು," ಅಂದ್ಲು. "ಎಲ್ಲಾ ನಾನು ನೋಡಿದ ವರ್ಷಗಳೇ."

ಈ ವರ್ಷ ಬಂತು. ಸೈಟು ಒತ್ತಿದೆ. ತೆರೀತು.

ಹೆಸರು, ಊರು, ಫೋಟೋ, ಸಹಿ, ಸರ್ಟಿಫಿಕೇಟು. ಈ ಸಲ ನಾನು ಪ್ರತಿಯೊಂದು ಸಾಲನ್ನೂ ಜೋರಾಗಿ ಓದಿ, ಆಕೆ ಹೂಂ ಅಂದ ಮ್ಯಾಲೇ ಮುಂದಕ್ಕ ಹೋದೆ. ಹುಟ್ಟಿದ ದಿನ ತುಂಬಿದ ಕೂಡ್ಲೇ ಸೈಟು ತಾನೇ ಲೆಕ್ಕ ಮಾಡಿ ವಯಸ್ಸು ತೋರಿಸ್ತು: ನಲವತ್ತಮೂರು ವರ್ಷ, ಹನ್ನೊಂದು ತಿಂಗಳು. ಅರ್ಹರು.

"ನೋಡು, ಇನ್ನೊಂದು ತಿಂಗಳು ನಾನು ಹುಡುಗೀನೇ," ಅಂತ ಅತ್ತೆ ನಕ್ಲು. ನಾಕು ಐವತ್ತೊಂದಕ್ಕ ಅರ್ಜಿ ಹೋತು. ನಂಬರು ಬಂತು. ಆಕೆ ಅದನ್ನ ನೋಟ್‌ಬುಕ್ಕಿನಾಗ ಬರಕೊಂಡು, ತಿರುಗಿ ಓದಿ, ನನ್ನ ಕೈಲೂ ಓದಿಸಿದ್ಲು.

ಮಂಗಳವಾರ ಆಕೆ ರಾಯದುರ್ಗಕ್ಕ ಹೋಗಿ ಗಡಿಯಾರ ರಿಪೇರಿ ಅಂಗಡಿಯಾಗ ಆ ನಾಣ್ಯದಂಥ ಬ್ಯಾಟರಿ ತಂದ್ಲು. ನಾನು ಆ ಆಳನ್ನ ಕೆಲಸಕ್ಕ ವಾಪಸ್ ಕರೆದು, ಸ್ಕ್ರೂ ಡ್ರೈವರಿಗೆ ಕೈ ಚಾಚಿದೆ. ಕೊಡಲಿಲ್ಲ. "ನೀ ಹೇಳು, ನಾ ಮಾಡ್ತೀನಿ," ಅಂದ್ಲು. ನಾನು ಎರಡು ನಿಮಿಷದಾಗ ಮಾಡೋ ಕೆಲಸಕ್ಕ ಅರ್ಧ ತಾಸು ಹಿಡೀತು. ಒಂದು ಸ್ಕ್ರೂ ಒಳಗ ಬಿತ್ತು; ಎಲ್ಲಿ ಬಿತ್ತು ಅಂತ ನನಗ ಕಾಣ್ತಿತ್ತು, ಬಾಯಿ ತುರಿಸ್ತಿತ್ತು, ಆದ್ರ ಆಕೆ ಹುಡುಕಾಕತ್ತಿದ್ಲು, ನಾನು ಎರಡೂ ಕೈ ಜೇಬಿನಾಗ ತುರುಕಿ ನಿಂತಿದ್ದೆ. ನನ್ನ ವೈದ್ಯಕೀಯ ಜೀವನದಾಗ ಅಷ್ಟು ಕಷ್ಟದ ಆಪರೇಷನ್ ಇನ್ನೊಂದಿಲ್ಲ.

ಕಡೀಗೆ ಬ್ಯಾಟರಿ ಟಕ್ ಅಂತ ಕುಂತಿತು. ಅತ್ತೆ ಸೆರಗಿನಿಂದ ಕೈ ಒರೆಸ್ಕೊಂಡು ಮಷೀನು ಹಚ್ಚಿದ್ಲು, ಮೂಲಿಯಾಗಿನ ತಾರೀಖು ನೋಡಿದ್ಲು, ಆಮ್ಯಾಲ ನನ್ನ ಕಡೆ ತಿರುಗಿದ್ಲು.

"ಇನ್ನ ಮ್ಯಾಲ ಯಾರ ಮನಿಗೆ ರಿಪೇರಿಗೆ ಹೋದ್ರೂ ನನ್ನೂ ಕರಕೊಂಡು ಹೋಗೋ," ಅಂದ್ಲು. "ನೀ ಮಾತಾಡು. ನಾ ಓದ್ತೀನಿ."